ಎರಡಾಣೆಯಿಂದ ಎದ್ದ ಗುಡ್ಡ

ಎರಡಾಣೆಯ ನಾಣ್ಯ ಕಂಡವರು ಈಗ ವಿರಳ. ಮೂಲೆಗಳನ್ನು ಸವೆಸಿದಂತಿದ್ದ ಚೌಕ, ಬೆಳ್ಳಗಿನ ಲೋಹ, ಒಂದು ಬದಿಯಲ್ಲಿ ಐದನೇ ಜಾರ್ಜ್ ದೊರೆಯ ತಲೆ. ಅಂಥ ಎಂಟು ಸೇರಿದರೆ ಒಂದು ರೂಪಾಯಿ. ಜೇಬಿನಲ್ಲಿದ್ದರೆ ಸಂಜೆಯೊಳಗೆ ಎಲೆ ಅಡಿಕೆಗೋ ಚಹಾಕ್ಕೋ ಕರಗಿಹೋಗುವ ಹಣ. ಯಾರೂ ಅದನ್ನು ಬ್ಯಾಂಕಿಗೆ ಒಯ್ಯುತ್ತಿರಲಿಲ್ಲ, ಒಯ್ದರೂ ಆ ಕಾಲದ ಬ್ಯಾಂಕಿನವರು ಮುಖ ನೋಡಿ ನಕ್ಕುಬಿಡುತ್ತಿದ್ದರು.

1928ರಲ್ಲಿ ಉಡುಪಿಯ ಒಂದು ಸಣ್ಣ ಬ್ಯಾಂಕು ಆ ನಾಣ್ಯವನ್ನು ಹುಡುಕಿಕೊಂಡು ಮನೆ ಮನೆಗೆ ಹೊರಟಿತು. ಆಗ ಅದಕ್ಕೆ ಮೂರು ವರ್ಷ. ಹೆಸರು ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಲಿಮಿಟೆಡ್. ಮುಂದೆ ದೇಶವೆಲ್ಲ ಅದನ್ನು ಸಿಂಡಿಕೇಟ್ ಬ್ಯಾಂಕ್ ಎಂದು ಕರೆಯಿತು. 1925ರಲ್ಲಿ ಹುಟ್ಟಿದ ಸಂಸ್ಥೆಗೆ 2025ರಲ್ಲಿ ನೂರು ತುಂಬಬೇಕಿತ್ತು. ಆದರೆ 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ನೂರರ ಹಬ್ಬಕ್ಕೆ ಐದು ವರ್ಷವಿರುವಾಗ ಮನೆಯ ಹಿರಿಯರು ತೀರಿಕೊಂಡ ಹಾಗೆ. ಆದರೂ ಈ ನೂರನ್ನು ನೆನೆಯದೆ ಬಿಡುವಂತಿಲ್ಲ. ಆ ಬ್ಯಾಂಕಿನ ಜತೆಗೇ ಬೆಳೆದ ಒಂದು ಗುಡ್ಡ ಉಡುಪಿಯ ಪೂರ್ವಕ್ಕೆ ಕಣ್ಣೆದುರೇ ಇದೆ. ಅದೇ ಮಣಿಪಾಲ.

ಬ್ಯಾಂಕು ಮತ್ತು ಗುಡ್ಡ, ಎರಡರ ಕಥೆಯಲ್ಲೂ ಬರುವ ಹೆಸರು ಡಾ. ಟಿ.ಎಂ.ಎ. ಪೈ. ಅವರನ್ನು ದಾನಿ ಎಂದು ಬರೆಯುವುದು ವಾಡಿಕೆ. ನನ್ನ ಮಟ್ಟಿಗೆ ಆ ಪದ ಅವರಿಗೆ ಸರಿಹೊಂದುವುದಿಲ್ಲ. ದಾನಿ ತನ್ನ ಗಂಟು ಬಿಚ್ಚಿ ಕೊಡುವವನು. ಪೈಯವರು ಊರಿನ ಗಂಟುಗಳನ್ನೇ ಬಿಚ್ಚಿಸಿ, ಒಟ್ಟುಗೂಡಿಸಿ, ಅದರಿಂದ ಊರನ್ನೇ ಕಟ್ಟಿದವರು. ಈ ವ್ಯತ್ಯಾಸ ಹಿಡಿದರೆ ಅವರ ಹಿರಿಮೆಯೂ ತಿಳಿಯುತ್ತದೆ, ಅವರ ದಾರಿಗೆ ಬಂದ ಆಕ್ಷೇಪವೂ ತಿಳಿಯುತ್ತದೆ.

ಕಲ್ಯಾಣಪುರದಿಂದ ಮದರಾಸಿಗೆ

ಉಡುಪಿಯಿಂದ ಉತ್ತರಕ್ಕೆ ಸ್ವರ್ಣಾ ನದಿಯ ದಡದಲ್ಲಿರುವ ಕಲ್ಯಾಣಪುರ ಹಳೆಯ ವ್ಯಾಪಾರದ ಊರು. ದೇವಸ್ಥಾನವೂ ಇಗರ್ಜಿಯೂ ಅಂಗಡಿ ಸಾಲೂ ಹತ್ತಿರ ಹತ್ತಿರ ಇರುವ ಜಾಗ. 1898ರ ಏಪ್ರಿಲ್ 30ರಂದು ತೋನ್ಸೆ ಮಾಧವ ಅನಂತ ಪೈ ಹುಟ್ಟಿದ್ದು ಅಲ್ಲಿ. ಕೊಂಕಣಿ ಮಾತಿನ ಗೌಡ ಸಾರಸ್ವತ ಮನೆತನ. ಹೆಸರಿನ ಮೊದಲಿಗಿರುವ ತೋನ್ಸೆ ಅದೇ ಸೀಮೆಯ ಊರು. ಅಣ್ಣ ಉಪೇಂದ್ರ ಅನಂತ ಪೈ ವ್ಯಾಪಾರಕ್ಕೆ ಇಳಿದರು, ತಮ್ಮ ಮದರಾಸಿನ ಮೆಡಿಕಲ್ ಕಾಲೇಜು ಸೇರಿದರು. ದಕ್ಷಿಣ ಕನ್ನಡ ಆಗ ಮದರಾಸ್ ಪ್ರಾಂತ್ಯದ ಜಿಲ್ಲೆ. ಡಾಕ್ಟರಾಗಬೇಕೆಂದರೆ ಘಟ್ಟ ಹತ್ತಿ ಇಳಿದು ಪೂರ್ವದ ಕಡಲಿಗೇ ಹೋಗಬೇಕಿತ್ತು.

ಪದವಿ ಮುಗಿದಾಗ ಹೊರದೇಶಕ್ಕೆ ಹೋಗಿ ಇನ್ನಷ್ಟು ಕಲಿಯುವ ಆಸೆ ಅವರಿಗಿತ್ತಂತೆ. ತಾಯಿ ಒಪ್ಪಲಿಲ್ಲ. ಊರಲ್ಲಿ ರೋಗಿಗಳಿಗೆ ಬರವೇ ಎಂಬುದು ಆಕೆಯ ವಾದವಾಗಿತ್ತು ಎಂದು ಮಣಿಪಾಲದ ಕಥೆ ಹೇಳುವವರೆಲ್ಲ ಹೇಳುತ್ತಾರೆ. ಮಗ ಊರಿಗೆ ಬಂದರು. ರೋಗಿಗಳಿಗೆ ಬರವಿರಲಿಲ್ಲ, ರೋಗಿಗಳ ಕೈಯಲ್ಲಿ ಕಾಸಿಗೆ ಬರವಿತ್ತು. ಮದ್ದು ಬರೆದುಕೊಟ್ಟರೆ ಸಾಲದು, ಮದ್ದು ಕೊಳ್ಳುವ ಹಣವೂ ಬೇಕು, ವಾಸಿಯಾದ ಮೇಲೆ ಗಂಜಿಯೂ ಬೇಕು. ರೋಗದ ಹಿಂದೆ ಹಸಿವು, ಹಸಿವಿನ ಹಿಂದೆ ಕೆಲಸವಿಲ್ಲದಿರುವುದು. ಸ್ಟೆತಸ್ಕೋಪ್ ಹಿಡಿದ ಮನುಷ್ಯ ಬ್ಯಾಂಕಿಗೆ ಕೈ ಹಾಕಿದ್ದೇಕೆ ಎಂದು ಕೇಳುವವರಿಗೆ ಉತ್ತರ ಇಲ್ಲೇ ಇದೆ.

ಮಗ್ಗ ನಿಂತಾಗ

ಉಡುಪಿ ಸೀಮೆಯಲ್ಲಿ ಶೆಟ್ಟಿಗಾರರ ಮನೆಗಳಲ್ಲಿ ಮಗ್ಗದ ಸದ್ದು ಕೇಳದ ಬೆಳಗಿರಲಿಲ್ಲ. ಮಿಲ್ಲಿನ ಬಟ್ಟೆ ಅಗ್ಗಕ್ಕೆ ಬಂದು ಕೈಮಗ್ಗದ ಸೀರೆಗೆ ಗಿರಾಕಿ ತಪ್ಪಿದಾಗ ಆ ಸದ್ದು ಒಂದೊಂದೇ ಮನೆಯಲ್ಲಿ ನಿಲ್ಲತೊಡಗಿತು. ನೂಲು ತರಲು ಸಾಲ ಬೇಕು, ಸಾಲಕ್ಕೆ ಅಡವು ಬೇಕು, ಅಡವಿಡಲು ಮಗ್ಗ ಬಿಟ್ಟರೆ ಮನೆಯಲ್ಲಿ ಬೇರೇನೂ ಇಲ್ಲ.

1925ರಲ್ಲಿ ಮೂವರು ಕೂತು ಯೋಚಿಸಿದರು. ಒಬ್ಬರು ವ್ಯಾಪಾರಿ, ಉಪೇಂದ್ರ ಪೈ. ಒಬ್ಬರು ಇಂಜಿನಿಯರು, ವಾಮನ ಶ್ರೀನಿವಾಸ ಕುಡ್ವ. ಇನ್ನೊಬ್ಬರು ಡಾಕ್ಟರು. ಕೂಡಿದ ಬಂಡವಾಳ 8,000 ರೂಪಾಯಿ. ನೇಕಾರರಿಗೆ ಕೈಸಾಲ ಕೊಡುವುದು, ಅದಕ್ಕೆ ಬೇಕಾದ ಹಣವನ್ನು ಊರಿನ ಸಣ್ಣ ಉಳಿತಾಯದಿಂದ ಎತ್ತುವುದು, ಇಷ್ಟೇ ಗುರಿ. ಹೆಸರಿನಲ್ಲಿ ‘ಬ್ಯಾಂಕಿಂಗ್’ಗಿಂತ ಮೊದಲು ‘ಇಂಡಸ್ಟ್ರಿಯಲ್’ ಇಟ್ಟಿದ್ದರಲ್ಲೇ ಅವರ ಮನಸ್ಸು ಕಾಣುತ್ತದೆ. ಮೊದಲು ಕೆಲಸ, ಆಮೇಲೆ ಲೇವಾದೇವಿ.

ಬ್ಯಾಂಕು ಕಟ್ಟುವುದು ಆ ಜಿಲ್ಲೆಗೆ ಹೊಸದೇನಲ್ಲ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದ್ದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆದ ಸಂಸ್ಥೆಯನ್ನು ಆರಂಭಿಸಿದ್ದರು. 1924ರಲ್ಲಿ ಕರ್ಣಾಟಕ ಬ್ಯಾಂಕ್ ಹುಟ್ಟಿತ್ತು, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಲಿತ್ತು. ಒಂದೇ ಜಿಲ್ಲೆಯ ಮಣ್ಣಿನಿಂದ ಇಷ್ಟು ಬ್ಯಾಂಕುಗಳು ಎದ್ದದ್ದು ದೇಶದಲ್ಲೇ ಅಪರೂಪ. ಆದರೆ ಆ ಗುಂಪಿನಲ್ಲಿ ಎರಡಾಣೆಯವನನ್ನು ಗಿರಾಕಿ ಎಂದು ಲೆಕ್ಕಕ್ಕೆ ತಂದದ್ದು ಸಿಂಡಿಕೇಟಿನ ಹೆಚ್ಚುಗಾರಿಕೆ.

ಬಾಗಿಲಿಗೆ ಬಂದ ಬ್ಯಾಂಕು

ಬ್ಯಾಂಕಿನ ಮೊದಲ ಶಾಖೆ ತೆರೆದದ್ದು ಬ್ರಹ್ಮಾವರದಲ್ಲಿ, 1928ರಲ್ಲಿ. ಪಿಗ್ಮಿ ಠೇವಣಿ ಶುರುವಾದದ್ದೂ ಅದೇ ವರ್ಷ. ಹೆಸರೇ ಹೇಳುವಂತೆ ಇದು ಕುಳ್ಳ ಠೇವಣಿ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ನೀವು ಬ್ಯಾಂಕಿಗೆ ಬರಬೇಕಾಗಿಲ್ಲ, ಏಜೆಂಟರೇ ನಿಮ್ಮ ಬಾಗಿಲಿಗೆ ಬರುತ್ತಾರೆ.

ಲೆಕ್ಕ ಹಾಕಿ ನೋಡಿ. ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ಬಡ್ಡಿ ಬೇರೆ. ಆಗಿನ ಕಾಲಕ್ಕೆ ಹೆಣ್ಣುಮಗಳ ಕಿವಿಗೆ ಬಂಗಾರವಾಗುವ, ಕೊಟ್ಟಿಗೆಗೆ ಹಸುವಾಗುವ ಮೊತ್ತ. ಬ್ಯಾಂಕಿನ ಕಡೆಯಿಂದಲೂ ಎಣಿಸಿ. 8,000 ರೂಪಾಯಿಯ ಬಂಡವಾಳ ಎಂದರೆ 64,000 ಎರಡಾಣೆ. ಒಬ್ಬ ಸಾಹುಕಾರನಿಂದ 8,000 ತರುವುದು ಸುಲಭ, ಆದರೆ ಅವನು ಕೋಪಿಸಿಕೊಂಡ ದಿನ ಬ್ಯಾಂಕಿಗೆ ಬೀಗ. ಸಾವಿರಾರು ಜನರ ಎರಡಾಣೆಗೆ ಆ ಭಯವಿಲ್ಲ.

ಕರಾವಳಿಯ ಪೇಟೆಯಲ್ಲಿ ಬೆಳೆದವರಿಗೆ ಪಿಗ್ಮಿಯವರನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಕಂಕುಳಲ್ಲಿ ಕೊಡೆ, ಹೆಗಲಿಗೆ ಚೀಲ, ಮಳೆಗೆ ನೆನೆಯದ ಹಾಗೆ ಚೀಲದೊಳಗೆ ಸುತ್ತಿಟ್ಟ ಪುಸ್ತಕ. ಹೋಟೆಲಿನ ಗಲ್ಲೆ, ದರ್ಜಿಯ ಮೆಷಿನು, ಕ್ಷೌರದ ಅಂಗಡಿ, ಮೀನು ಮಾರುವವರ ಬುಟ್ಟಿ, ಹೂವಿನವರ ಜಗಲಿ, ಹೀಗೆ ದಿನವೂ ಅದೇ ದಾರಿ, ಅದೇ ಹೊತ್ತು. ಸಂಭಾಷಣೆಯೂ ಹೆಚ್ಚುಕಡಿಮೆ ಒಂದೇ.

“ಇವತ್ತು ವ್ಯಾಪಾರ ಏನೂ ಇಲ್ಲ ಮಾರಾಯ್ರೆ, ನಾಳೆ ಎರಡು ದಿನದ್ದು ಒಟ್ಟಿಗೆ ಕೊಡ್ತೇನೆ.”

“ಆಗ್ಲಿ. ಇದ್ದಷ್ಟು ಕೊಡಿ, ಖಾಲಿ ಮಾತ್ರ ಬಿಡ್ಬೇಡಿ.”

ಈ ಎರಡು ಮಾತಿನಲ್ಲಿ ಆ ಯೋಜನೆಯ ಗುಟ್ಟೆಲ್ಲ ಇದೆ. ನಾಳೆಯೂ ಅವರು ಬರುತ್ತಾರೆ ಎಂಬುದು ಗೊತ್ತಿರುವುದರಿಂದ ಉಳಿಸಬೇಕಾಗುತ್ತದೆ. ಮುಖದಾಕ್ಷಿಣ್ಯವನ್ನೇ ಉಳಿತಾಯವಾಗಿ ಮಾಡಿದ ಉಪಾಯ ಇದು. ಏಜೆಂಟರಿಗೆ ಮನೆಯವರ ಕಷ್ಟಸುಖ ಗೊತ್ತು. ಮಗಳ ಮದುವೆ ಯಾವಾಗ, ದೋಣಿ ರಿಪೇರಿ ಎಂದು, ಯಾರ ಗಂಡ ಬೊಂಬಾಯಿಯಿಂದ ಹಣ ಕಳಿಸಿಲ್ಲ, ಎಲ್ಲವೂ. ಸಾಲ ಕೇಳಿದವನ ಯೋಗ್ಯತೆ ತಿಳಿಯಲು ಬ್ಯಾಂಕಿಗೆ ಇದಕ್ಕಿಂತ ಒಳ್ಳೆಯ ಕಡತ ಬೇಕಿರಲಿಲ್ಲ. ದಿನಾ ಎರಡಾಣೆ ತಪ್ಪಿಸದವನು ಕಂತನ್ನೂ ತಪ್ಪಿಸಲಾರ.

ಇಂದು ಕರ್ನಾಟಕದ ಯಾವ ಊರಿನ ಸೌಹಾರ್ದ ಸಹಕಾರಿಗೆ ಹೋದರೂ ಪಿಗ್ಮಿ ಇದೆ. ಆ ಪದ ಎಲ್ಲಿಂದ ಬಂತು ಎಂದು ಕೇಳಿದರೆ ಕಟ್ಟುವವರಿಗೂ ಗೊತ್ತಿಲ್ಲ, ಕಟ್ಟಿಸಿಕೊಳ್ಳುವವರಿಗೂ ಗೊತ್ತಿಲ್ಲ. ಹುಟ್ಟಿಸಿದವರ ಹೆಸರು ಮರೆತುಹೋಗುವಷ್ಟು ಬಳಕೆಗೆ ಬರುವುದೇ ಒಂದು ಯೋಜನೆಯ ದೊಡ್ಡ ಗೆಲುವು.

ಮಣ್ಣುಪಳ್ಳದ ಮೇಲಿನ ಊರು

ತುಳುವಿನಲ್ಲಿ ಪಳ್ಳ ಎಂದರೆ ಕೆರೆ, ಹೊಂಡ. ಮಣ್ಣುಪಳ್ಳವೇ ಬಾಯಿಂದ ಬಾಯಿಗೆ ಸವೆದು ಮಣಿಪಾಲವಾಯಿತು. ಆ ಕೆರೆ ಈಗಲೂ ಇದೆ. ಸುತ್ತ ಕಾಲುದಾರಿ, ಬೆಳಗ್ಗೆ ಸಂಜೆ ನಡೆಯಲು ಬರುವ ಜನ. ಅದರ ಮೇಲಿನ ಗುಡ್ಡವನ್ನು ಒಂದು ಕಾಲದಲ್ಲಿ ಉಡುಪಿಯವರು ಹೆಸರಿಟ್ಟು ಕರೆಯುವ ಗೋಜಿಗೂ ಹೋಗುತ್ತಿರಲಿಲ್ಲ. ಬರಿಯ ಮುರಕಲ್ಲಿನ ಪಾದೆ. ಭತ್ತ ಬೆಳೆಯದು, ತೆಂಗು ಏಳದು. ಮಳೆಗಾಲದಲ್ಲಿ ಹುಲ್ಲು, ಬೇಸಿಗೆಯಲ್ಲಿ ಕಾದ ಕಲ್ಲು. ಹೊತ್ತು ಮುಳುಗಿದ ಮೇಲೆ ಆ ಕಡೆ ಹೋಗುವವರು ಯಾರೂ ಇಲ್ಲ.

ಕೃಷಿಗೆ ಬಾರದ ಆ ಜಾಗವನ್ನೇ ಪೈಯವರು ಆರಿಸಿಕೊಂಡರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪನೆಯಾಯಿತು. ಹೆಸರು ದೊಡ್ಡದು, ಆರಂಭದ ಆಸೆ ಚಿಕ್ಕದು. ಶಾಲೆ ಮುಗಿಸಿ ಕೈಚೆಲ್ಲಿ ಕೂತ ಹುಡುಗರಿಗೆ ಹೊಟ್ಟೆಪಾಡಿನ ಕೈಕೆಲಸ ಕಲಿಸುವುದು. ನೇಕಾರನಿಗೆ ನೂಲು ಕೊಟ್ಟ ಯೋಚನೆಯೇ ಇಲ್ಲಿ ಇನ್ನೊಂದು ರೂಪ ತಾಳಿತು.

1949ರಲ್ಲಿ ಉಡುಪಿಯಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು ಬಂತು. ನಾವೆಲ್ಲ ಎಂಜಿಎಂ ಎನ್ನುವ ಕಾಲೇಜು. ಅಲ್ಲಿಯವರೆಗೆ ಪದವಿ ಓದಬೇಕೆಂದರೆ ಉಡುಪಿಯ ಹುಡುಗರು ಮಂಗಳೂರಿಗೋ ಮದರಾಸಿಗೋ ಹೋಗಬೇಕಿತ್ತು. ಗಂಡುಮಕ್ಕಳೇ ಹೋಗುವುದು ಕಷ್ಟವಾಗಿದ್ದಾಗ ಹೆಣ್ಣುಮಕ್ಕಳ ಮಾತು ಎಲ್ಲಿಂದ ಬಂತು. ಮುಂದೆ 1957ರಲ್ಲಿ ಉಡುಪಿಗೆ ವೈಕುಂಠ ಬಾಳಿಗಾ ಕಾನೂನು ಕಾಲೇಜು, 1960ರಲ್ಲಿ ಕಾರ್ಕಳಕ್ಕೆ ಭುವನೇಂದ್ರ ಕಾಲೇಜು.

ಎಲ್ಲಕ್ಕಿಂತ ದೊಡ್ಡ ಹುಚ್ಚು 1953ರದು. ಆ ಬೋಳು ಗುಡ್ಡದ ಮೇಲೆ ಒಂದು ಮೆಡಿಕಲ್ ಕಾಲೇಜು. ಮೆಡಿಕಲ್ ಕಾಲೇಜು ಎಂದರೆ ಸರಕಾರದ್ದು, ಇಲ್ಲವೇ ಮಿಶನ್ನಿನದ್ದು ಎಂದು ಜನ ನಂಬಿದ್ದ ಕಾಲ. ಉಡುಪಿಗೆ ರೈಲಿಲ್ಲ, ರೈಲು ಬಂದದ್ದು ಮತ್ತೆ ನಾಲ್ಕು ದಶಕ ಕಳೆದ ಮೇಲೆ. ಕಾಲೇಜಿಗೆ ಬೇಕಾದ ದೊಡ್ಡ ಆಸ್ಪತ್ರೆ ಗುಡ್ಡದಲ್ಲಿರಲಿಲ್ಲ. ಇದ್ದದ್ದು 60 ಕಿಲೋಮೀಟರ್ ದೂರದ ಮಂಗಳೂರಿನಲ್ಲಿ, ಸರಕಾರದ ವೆನ್‌ಲಾಕ್ ಮತ್ತು ಲೇಡಿ ಗೋಷನ್. ಸರಕಾರದ ಜತೆ ಒಪ್ಪಂದ ಮಾಡಿಕೊಂಡು ಪೈಯವರು ಕಾಲೇಜನ್ನೇ ಎರಡು ಊರಿಗೆ ಹಂಚಿದರು. ಮೊದಲ ವರ್ಷಗಳ ಪಾಠ ಮಣಿಪಾಲದಲ್ಲಿ, ರೋಗಿಗಳ ನಡುವಿನ ಕಲಿಕೆ ಮಂಗಳೂರಿನಲ್ಲಿ. ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಜಿಲ್ಲೆ ಮದರಾಸ್ ರಾಜ್ಯದಲ್ಲಿತ್ತು, ಕಾಲೇಜಿಗೆ ಮಾನ್ಯತೆ ಕೊಟ್ಟದ್ದು ಆಗ ಮುಂಬಯಿ ರಾಜ್ಯದಲ್ಲಿದ್ದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಏಕೀಕರಣಕ್ಕೆ ಮೂರು ವರ್ಷ ಮೊದಲೇ ಉಡುಪಿ ಮತ್ತು ಧಾರವಾಡ ಒಂದು ಪದವಿ ಪತ್ರದಲ್ಲಿ ಕೂಡಿಕೊಂಡಿದ್ದವು.

ಕಸ್ತೂರ್ಬಾ ಹೆಸರಿನ ಆ ಕಾಲೇಜು ಸರಕಾರದ ಬೊಕ್ಕಸಕ್ಕೆ ಕೈಯೊಡ್ಡದೆ ತನ್ನ ಖರ್ಚನ್ನು ತಾನೇ ತೂಗಿಸಿಕೊಂಡ ದೇಶದ ಮೊದಲ ಖಾಸಗಿ ಮೆಡಿಕಲ್ ಕಾಲೇಜು ಎಂದು ಹೆಸರಾಯಿತು. 1957ರಲ್ಲಿ ಇಂಜಿನಿಯರಿಂಗ್ ಕಾಲೇಜು, 1961ರಲ್ಲಿ ಗುಡ್ಡದ ಮೇಲೆಯೇ ಕಸ್ತೂರ್ಬಾ ಆಸ್ಪತ್ರೆ, 1963ರಲ್ಲಿ ಔಷಧ ವಿಜ್ಞಾನ, 1965ರಲ್ಲಿ ದಂತ ವೈದ್ಯಕೀಯ. ಒಂದೊಂದು ಕಟ್ಟಡ ಎದ್ದಂತೆ ಅದರ ಬುಡದಲ್ಲಿ ಒಂದು ಗೂಡಂಗಡಿ, ಒಂದು ಮೆಸ್ಸು, ಒಂದು ಲಾಂಡ್ರಿ ಹುಟ್ಟಿತು. ಹಳೆಯ ಪಾದೆಯ ಮೇಲೆ ಸಂಬಳದ ಊರೊಂದು ನೆಲೆಯೂರಿತು.

ಪುಸ್ತಕ, ಚೆಂಡೆ, ಪತ್ರಿಕೆ

ಕಾಲೇಜು ಬಂದರೆ ಅದರ ಹಿಂದೆ ಸಂಸ್ಕೃತಿಯೂ ಬರುತ್ತದೆ ಎಂಬುದು ಎಲ್ಲ ಕಡೆ ನಿಜವಲ್ಲ. ಉಡುಪಿಯಲ್ಲಿ ಅದು ನಿಜವಾದದ್ದಕ್ಕೆ ಎಂಜಿಎಂ ಕಾಲೇಜು ಮತ್ತು ಅದರ ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರು ಕಾರಣ. ಮಂಜೇಶ್ವರದ ಕವಿ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡ ಮೇಲೆ ಅವರ ಅಪರೂಪದ ಗ್ರಂಥಭಂಡಾರ ಈ ಕಾಲೇಜಿಗೆ ಬಂತು, ಅವರ ಹೆಸರಿನ ಸಂಶೋಧನ ಕೇಂದ್ರ ಅದರ ಸುತ್ತ ಬೆಳೆಯಿತು. ಹತ್ತಾರು ವರ್ಷ ಊರೂರು ತಿರುಗಿ ಪದ ಹೆಕ್ಕಿದ ತುಳು ನಿಘಂಟು ಆರು ಸಂಪುಟಗಳಲ್ಲಿ ಹೊರಬಂದದ್ದು ಅಲ್ಲಿಂದಲೇ, ಯು.ಪಿ. ಉಪಾಧ್ಯಾಯರ ಸಂಪಾದನೆಯಲ್ಲಿ. ಎರಡಾಣೆ ಒಟ್ಟುಗೂಡಿಸಿದ ಊರು ಪದಗಳನ್ನೂ ಹಾಗೇ ಒಟ್ಟುಗೂಡಿಸಿತು. 1971ರಲ್ಲಿ ಯಕ್ಷಗಾನ ಕೇಂದ್ರ ಶುರುವಾಯಿತು, ಶಿವರಾಮ ಕಾರಂತರು ಅದಕ್ಕೆ ದುಡಿದರು, ಬಡಗುತಿಟ್ಟಿನ ಹೆಜ್ಜೆ ಹೊರದೇಶದ ರಂಗದವರೆಗೆ ಹೋಯಿತು.

1970ರ ಜನವರಿ 1ರಂದು ಮಣಿಪಾಲದಿಂದ ‘ಉದಯವಾಣಿ’ ಹೊರಟಿತು. ಪೈ ಮನೆತನದ ಮುಂದಿನ ತಲೆಮಾರಿನ ಸಾಹಸ ಅದು. ರಾಜಧಾನಿಯಿಂದ ಅಷ್ಟು ದೂರದ ಗುಡ್ಡದಲ್ಲಿ ದಿನಪತ್ರಿಕೆ ಎಂದಾಗ ತಲೆಯಾಡಿಸಿದವರೇ ಬೆಳಗ್ಗೆ ಎದ್ದು ಅದಕ್ಕೆ ಕಾಯತೊಡಗಿದರು. ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರಿಯಲ್ಲಿದ್ದ ವಿಜಯನಾಥ ಶೆಣೈಯವರು ಕೆಡವುತ್ತಿದ್ದ ಹಳೆಯ ಮನೆಗಳನ್ನು ಕಂಬ ಕಂಬವಾಗಿ ತಂದು ಮಣಿಪಾಲದಲ್ಲಿ ಮತ್ತೆ ಎತ್ತಿ ನಿಲ್ಲಿಸಿದರು. ‘ಹಸ್ತಶಿಲ್ಪ’ ಎಂಬ ಹೆಸರಿನಡಿ ಆ ಮನೆಗಳು ಇವತ್ತೂ ನಿಂತಿವೆ.

ವಂತಿಗೆಯ ಮಾತು

ಸ್ಮರಣ ಸಂಚಿಕೆಯಲ್ಲಿ ಹೊಗಳಿಕೆ ಬರೆದು ಮುಗಿಸುವುದು ಸುಲಭ. ಆದರೆ ಮಣಿಪಾಲದ ಹೆಸರು ಬಂದಲ್ಲೆಲ್ಲ ಒಂದು ಪ್ರಶ್ನೆ ನೆರಳಿನಂತೆ ಬರುತ್ತದೆ, ಅದನ್ನು ಬಿಟ್ಟು ಬರೆದರೆ ಪೈಯವರಿಗೇ ಅನ್ಯಾಯ.

ಸರಕಾರದ ಹಣವಿಲ್ಲದೆ ಮೆಡಿಕಲ್ ಕಾಲೇಜು ನಡೆದದ್ದು ಹೇಗೆ? ಓದಲು ಬಂದವರ ಮನೆಯವರಿಂದ ವಂತಿಗೆ ಪಡೆದು. ಪೈಯವರಿಗೆ ಇದು ಪಿಗ್ಮಿಯ ಮುಂದುವರಿಕೆಯೇ ಆಗಿ ಕಂಡಿರಬೇಕು. ಬೇಕಾದವರೆಲ್ಲ ಪಾಲು ಹಾಕಿದರೆ ಎಲ್ಲರಿಗೂ ಬೇಕಾದದ್ದನ್ನು ಕಟ್ಟಬಹುದು. ಸರಕಾರ ಕಾಲೇಜು ಕೊಡುವವರೆಗೆ ಕಾಯುತ್ತಾ ಕೂತಿದ್ದರೆ ಆ ಗುಡ್ಡದಲ್ಲಿ ಇವತ್ತೂ ಹುಲ್ಲೇ ಇರುತ್ತಿತ್ತು ಎಂಬ ಮಾತಿನಲ್ಲಿ ಸುಳ್ಳಿಲ್ಲ.

ಆದರೆ ಎರಡಾಣೆಗೂ ವಂತಿಗೆಗೂ ಒಂದು ವ್ಯತ್ಯಾಸವಿದೆ. ಎರಡಾಣೆ ಬಡವನನ್ನು ಬ್ಯಾಂಕಿನೊಳಗೆ ಕರೆತಂದಿತು. ವಂತಿಗೆ ಬೆಳೆಯುತ್ತಾ ಹೋದಂತೆ ಬಡವನನ್ನು ಕಾಲೇಜಿನ ಗೇಟಿನಲ್ಲೇ ನಿಲ್ಲಿಸಿತು. ಈ ದಾರಿಯನ್ನು ನೋಡಿ ಕಲಿತ ಎಷ್ಟೋ ಕಾಲೇಜುಗಳು ರಾಜ್ಯದ ಉದ್ದಗಲಕ್ಕೆ ಎದ್ದವು. ಅವುಗಳಲ್ಲಿ ಕೆಲವಕ್ಕೆ ಪಾಠಕ್ಕಿಂತ ವಂತಿಗೆಯೇ ಮುಖ್ಯವಾಯಿತು. ಕೊನೆಗೆ 1984ರಲ್ಲಿ ಕರ್ನಾಟಕ ಸರಕಾರ ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ಕಾಯಿದೆಯನ್ನೇ ತರಬೇಕಾಯಿತು. ಖಾಸಗಿ ಕಾಲೇಜಿನ ಹಕ್ಕೆಷ್ಟು, ಸರಕಾರದ ಹಿಡಿತವೆಷ್ಟು ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2002ರ ಅಕ್ಟೋಬರ್ 31ರಂದು 11 ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪಿನ ಹೆಸರೇ ‘ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣ’. ವಕೀಲರು ಇಂದಿಗೂ ಅದನ್ನು ಸುಮ್ಮನೆ ‘ಟಿಎಂಎ ಪೈ’ ಎನ್ನುತ್ತಾರೆ. ಖಾಸಗಿಯವರಿಗೆ ಕಾಲೇಜು ಕಟ್ಟಿ ನಡೆಸುವ ಹಕ್ಕಿದೆ, ಆದರೆ ಶಿಕ್ಷಣವನ್ನು ಲಾಭಕೋರತನಕ್ಕೆ ಬಳಸುವಂತಿಲ್ಲ, ಕ್ಯಾಪಿಟೇಶನ್ ಸಲ್ಲದು ಎಂಬುದು ಅದರ ಸಾರ. ಪೈಯವರು ತೀರಿಕೊಂಡು ಆಗಲೇ 23 ವರ್ಷವಾಗಿತ್ತು.

ದಾರಿ ತೋರಿದವರು ಆ ದಾರಿಯಲ್ಲಿ ಆಮೇಲೆ ನಡೆದವರ ಪಾಪಕ್ಕೆಲ್ಲ ಹೊಣೆಯಾಗುವುದಿಲ್ಲ. ಹಾಗೆಂದು ದಾರಿಯ ಬಗ್ಗೆ ಪ್ರಶ್ನೆಯೇ ಇರಬಾರದು ಎಂದೂ ಅಲ್ಲ. ಎರಡನ್ನೂ ಒಟ್ಟಿಗೆ ಹಿಡಿದರೆ ಮಾತ್ರ ಈ ಚರಿತ್ರೆ ಪೂರ್ತಿಯಾಗುತ್ತದೆ.

ನಾಯಿಯ ಚಿತ್ರದ ಬ್ಯಾಂಕು

ಇತ್ತ ಬ್ಯಾಂಕು ಬೆಳೆಯುತ್ತಲೇ ಇತ್ತು. ಹಲವು ಸಣ್ಣ ಬ್ಯಾಂಕುಗಳು ಅದರೊಳಗೆ ಸೇರಿದವು, ಮುಖ್ಯ ಕಚೇರಿ ಉಡುಪಿಯಿಂದ ಮಣಿಪಾಲಕ್ಕೆ ಏರಿತು, 1960ರ ದಶಕದಲ್ಲಿ ಉದ್ದ ಹೆಸರು ಕಳಚಿ ಸಿಂಡಿಕೇಟ್ ಬ್ಯಾಂಕ್ ಎಂದಾಯಿತು. ಉಪೇಂದ್ರ ಪೈಯವರ ಮಗ ಟಿ.ಎ. ಪೈಯವರ ಕಾಲದಲ್ಲಿ ಅದು ರೈತನ ಹೊಲಕ್ಕೂ ಇಳಿಯಿತು. ಮುಂದೆ ಕೇಂದ್ರದಲ್ಲಿ ರೈಲ್ವೆ ಮಂತ್ರಿಯಾದವರು ಇವರೇ. 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಹೆಂಗಸರೇ ನಡೆಸುವ ಶಾಖೆ ತೆರೆದದ್ದೂ ಆ ವರ್ಷಗಳ ಧೈರ್ಯ. ಕೌಂಟರಿನ ಆಚೆಗೂ ಈಚೆಗೂ ಹೆಂಗಸರು ಎಂಬುದು ಅಂದಿನವರಿಗೆ ನೋಡಿ ಬರುವಂಥ ಸಂಗತಿಯಾಗಿತ್ತು.

1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದಾಗ ಆ ಪಟ್ಟಿಯಲ್ಲಿ ಸಿಂಡಿಕೇಟ್ ಇತ್ತು. ಬಡವನ ಬಾಗಿಲಿಗೆ ಬ್ಯಾಂಕು ಹೋಗಬೇಕು ಎಂಬುದು ರಾಷ್ಟ್ರೀಕರಣದ ಘೋಷಣೆ. 41 ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದ ಬ್ಯಾಂಕಿಗೆ ಆ ಪಾಠ ಹೊಸದಾಗಿರಲಿಲ್ಲ. 1975ರ ಅಕ್ಟೋಬರ್ 2ರಂದು ದೇಶದ ಮೊತ್ತಮೊದಲ ಗ್ರಾಮೀಣ ಬ್ಯಾಂಕು, ಉತ್ತರ ಪ್ರದೇಶದ ಮೊರಾದಾಬಾದಿನ ‘ಪ್ರಥಮಾ ಬ್ಯಾಂಕ್’ ಹುಟ್ಟಿದ್ದು ಸಿಂಡಿಕೇಟಿನ ಆಶ್ರಯದಲ್ಲಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದವರು, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಸೇರಿ ನಿರುದ್ಯೋಗಿ ಯುವಕರಿಗೆ ಸ್ವಂತ ಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆಯನ್ನು ತೆರೆದರು. 1942ರ ಅಕಾಡೆಮಿಯ ಮೊದಲ ಆಸೆ ಹೀಗೆ ಮತ್ತೆ ಚಿಗುರಿತು.

ಬ್ಯಾಂಕಿನ ಫಲಕದ ಮೇಲೆ ನಾಯಿಯ ಚಿತ್ರವಿತ್ತು. ನಂಬಿಕೆಗೂ ಗೆಳೆತನಕ್ಕೂ ಗುರುತು. ಹಳ್ಳಿಗಳಲ್ಲಿ ಓದು ಬಾರದವರು ಅದನ್ನು ‘ನಾಯಿ ಬ್ಯಾಂಕು’ ಎಂದೇ ಗುರುತು ಹಿಡಿದರೆ ಅದರಲ್ಲಿ ಅವಮಾನವೇನೂ ಇರಲಿಲ್ಲ, ಬಾಗಿಲು ಕಾಯುವವನನ್ನು ಮನೆಯವರು ಕರೆಯುವ ಸಲಿಗೆ ಅದು. 2020ರ ಏಪ್ರಿಲ್ 1ರ ನಂತರ ಆ ಫಲಕಗಳು ಒಂದೊಂದಾಗಿ ಇಳಿದವು. ಲಾಕ್‌ಡೌನಿನ ದಿನಗಳವು. ಬೀಳ್ಕೊಡಲು ಹತ್ತು ಜನ ಸೇರುವಂತೆಯೂ ಇರಲಿಲ್ಲ. ಸೇರಿದ್ದು ಅದೇ ಜಿಲ್ಲೆಯ ಅಣ್ಣನಂಥ ಕೆನರಾ ಬ್ಯಾಂಕಿನಲ್ಲಿ ಎಂಬುದಷ್ಟೇ ಊರಿಗೆ ಸಮಾಧಾನ.

ಚೀಲ ಹೊತ್ತವರು

ಟಿ.ಎಂ.ಎ. ಪೈಯವರಿಗೆ 1972ರಲ್ಲಿ ಪದ್ಮಶ್ರೀ ಬಂತು. 1979ರ ಮೇ 29ರಂದು ಅವರು ತೀರಿಕೊಂಡರು. 1993ರಲ್ಲಿ ಮಣಿಪಾಲದ ಕಾಲೇಜುಗಳಿಗೆ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು. ಅವರ ಹೆಸರಿನಲ್ಲಿ ಸಭಾಂಗಣ, ಕಾಲೇಜು, ಆಸ್ಪತ್ರೆ ಎಲ್ಲ ಇವೆ. ಅವರನ್ನು ಯಾರೂ ಮರೆಯುವುದಿಲ್ಲ, ಮರೆಯುವ ಹಾಗೂ ಇಲ್ಲ.

ನನಗಿರುವ ಕಳವಳ ಬೇರೆಯವರ ಬಗ್ಗೆ. ಪೈಯವರ ಯೋಚನೆಯನ್ನು ಹೆಗಲ ಮೇಲೆ ಹೊತ್ತು ನಡೆದವರು ಪಿಗ್ಮಿಯವರು. ಆಟಿಯ ಮಳೆಯಲ್ಲಿ, ಸುಗ್ಗಿಯ ಬಿಸಿಲಿನಲ್ಲಿ, ಕಮಿಶನ್ನಿನ ಲೆಕ್ಕದಲ್ಲಿ ಇವರು ನಡೆದರು. ಬ್ಯಾಂಕಿನವರೇ ಎಂದು ಊರೆಲ್ಲ ನಂಬಿತ್ತು, ಬ್ಯಾಂಕಿನ ಹಾಜರಿ ಪುಸ್ತಕದಲ್ಲಿ ಮಾತ್ರ ಇವರ ಹೆಸರಿರಲಿಲ್ಲ. ತಾವೂ ಕೆಲಸಗಾರರೇ ಎಂದು ಹೇಳಿಸಿಕೊಳ್ಳಲು ಅವರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಸಿಂಡಿಕೇಟ್ ಬ್ಯಾಂಕಿನ ಠೇವಣಿ ಸಂಗ್ರಾಹಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅವರನ್ನು ಕಾರ್ಮಿಕರೆಂದು ಒಪ್ಪಿ ಗ್ರಾಚ್ಯುಯಿಟಿಯಂಥ ಹಕ್ಕಿಗೆ ದಾರಿ ಮಾಡಿದ್ದು 2001ರಲ್ಲಿ, ಮೊದಲ ಎರಡಾಣೆ ಎತ್ತಿ 73 ವರ್ಷಗಳ ಮೇಲೆ.

ಅವರ ಚರಿತ್ರೆಯನ್ನು ಯಾರೂ ಬರೆದಿಲ್ಲ. ಬರೆಯುವುದಕ್ಕೆ ಬೇಕಾದದ್ದು ನಮ್ಮ ನಿಮ್ಮ ಮನೆಗಳಲ್ಲೇ ಇದೆ. ಅಜ್ಜಿಯ ಪೆಟ್ಟಿಗೆಯ ತಳದಲ್ಲಿ, ಅಂಗಡಿಯ ಹಳೆಯ ಕಪಾಟಿನಲ್ಲಿ, ದಿನಕ್ಕೊಂದು ಸಾಲಿನಂತೆ ಸಹಿ ಬಿದ್ದ ಪಿಗ್ಮಿ ಪುಸ್ತಕ. ಅದರಲ್ಲಿ ಒಂದು ಮನೆಯ ವರ್ಷಪೂರ್ತಿಯ ವ್ಯಾಪಾರವೂ ಇದೆ, ಕಾಯಿಲೆಯೂ ಇದೆ, ಮಳೆಯೂ ಇದೆ. ವಿಲೀನವಾದ ಬ್ಯಾಂಕಿನ ಹಳೆಯ ಕಾಗದಗಳು ಯಾವ ಗೋದಾಮಿಗೆ ಹೋದರೂ, ಈ ಪುಸ್ತಕಗಳಾದರೂ ಗುಜರಿಗೆ ಹೋಗಬಾರದು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಹಳೆಯ ಪಿಗ್ಮಿ ಪುಸ್ತಕ ಸಿಕ್ಕಿದರೆ ಎಸೆಯಬೇಡಿ. ಕೊನೆಯ ಪುಟದಲ್ಲಿ ನಿಮ್ಮ ಬಾಗಿಲಿಗೆ ಬರುತ್ತಿದ್ದ ಪಿಗ್ಮಿಯವರ ಹೆಸರನ್ನೂ ಊರನ್ನೂ ಬರೆಯಿರಿ. ಬರೆದು ನಿಮ್ಮೂರಿನ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ.